ಮಕ್ಕಳ ಮುಖ ನೋಡಿಕೊಂಡು
(ಓದುಗರ ಪ್ರಶ್ನೆ, ಅಂಕಣದ ಉತ್ತರ)

ಪ್ರಶ್ನೆ: ನಮ್ಮೂರಿನ ಗ್ರಂಥಾಲಯದಲ್ಲಿ ಏಳೆಂಟು ಮಂದಿ ಹೆಂಗಸರು ತಿಂಗಳಿಗೊಮ್ಮೆ ಸೇರಿ ಒಂದೊಂದು ಕತೆ ಓದುತ್ತೇವೆ. ಕಳೆದ ಸಲ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಓದಿದಾಗ, ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆಯುವ ಕೊನೆಯ ಭಾಗದ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ನಿವೃತ್ತ ಶಿಕ್ಷಕಿಯೊಬ್ಬರು ‘ಇಲ್ಲಿ ತಾಯ್ತನ ಗೆದ್ದಿತು’ ಎಂದರು. ಪದವಿ ಓದುತ್ತಿರುವ ಹುಡುಗಿಯೊಬ್ಬಳು ‘ಗೆದ್ದದ್ದು ಹಳೆಯ ಹಗ್ಗ. ಮಕ್ಕಳ ಮುಖ ನೋಡಿಕೊಂಡು ಇರು ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?’ ಎಂದಳು. ಸ್ತ್ರೀವಾದಿ ಓದು ಯಾರ ಪರ?
— ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಕತೆಯನ್ನು ಎಲ್ಲಿ ಹಿಡಿದು ಕೇಳಬೇಕೋ ಆ ಹುಡುಗಿ ಅಲ್ಲಿಯೇ ಹಿಡಿದಿದ್ದಾಳೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಕೈಗೂಸನ್ನು ಎತ್ತಿಕೊಂಡು ತವರಿಗೆ ಬರುವ ಮೆಹರುನ್‌ಳಲ್ಲಿ ಅವಳ ಅಣ್ಣಂದಿರಿಗೆ ಕಾಣುವುದು ಮನೆತನದ ಮಾನ ಮಾತ್ರ. ಇಲ್ಲಿಗೆ ಬರುವ ಬದಲು ಬೆಂಕಿ ಹಚ್ಚಿಕೊಂಡು ಸಾಯಬಹುದಿತ್ತು ಎನ್ನುವವರೆಗೂ ಅವರ ಮಾತು ಹೋಗುತ್ತದೆ. ಆಮೇಲೆ ಅವರೇ ಅವಳನ್ನು ಗಂಡನ ಮನೆಗೆ ತಂದು ಬಿಡುತ್ತಾರೆ. ಅಂದಮೇಲೆ ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುವುದು ತವರಿನ ಮಾತನ್ನು ನಡೆಸಿಕೊಟ್ಟಂತೆಯೇ ಸರಿ. ಮಗಳು ಸಲ್ಮಾ ಕೂಸನ್ನು ತಂದು ತಾಯಿಯ ಕಾಲ ಬಳಿ ಹಾಕಿ, ಆ ಕಾಲುಗಳನ್ನು ತಬ್ಬಿಕೊಳ್ಳುತ್ತಾಳೆ. ಅಪ್ಪನಿಗಾಗಿ ಸಾಯಲು ಹೊರಟವಳು ನಮಗಾಗಿ ಬದುಕಲಾರೆಯಾ ಎಂಬುದು ಅವಳು ಕೇಳುವ ಪ್ರಶ್ನೆಯ ತಾತ್ಪರ್ಯ.

ಈಗ ಕ್ರಿಯಾಪದವನ್ನು ಗಮನಿಸಿ. ‘ಮಕ್ಕಳ ಮುಖ ನೋಡಿಕೊಂಡಾದರೂ ಇರು’ ಎಂದು ಹಿರಿಯರು ಹೇಳುವಾಗ ‘ಇರು’ ಎಂದರೆ ಅವನ ಜೊತೆಯಲ್ಲಿ ಇರು, ಬಾಯಿ ಮುಚ್ಚಿಕೊಂಡು ಇರು ಎಂದರ್ಥ. ಸಲ್ಮಾ ಕೇಳುವ ‘ಇರು’ವಿನಲ್ಲಿ ಜೀವ ಉಳಿಸಿಕೊಳ್ಳುವುದಷ್ಟೇ ಇದೆ, ಗಂಡನ ಮಾತೇ ಇಲ್ಲ. ಜೊತೆಗೆ, ಮೊದಲ ಮಾತನ್ನು ಆಡುವವರು ಎಂದೂ ಮಕ್ಕಳಲ್ಲ. ಮಕ್ಕಳ ಮುಖವನ್ನು ಮುಂದೆ ಹಿಡಿದು ತಮ್ಮ ಮುಖ ಮರೆಸಿಕೊಳ್ಳುವವರು. ಈ ಕತೆಯಲ್ಲಿ ಮಗು ತಾನೇ ಬಾಯಿ ತೆರೆದಿದೆ, ಮತ್ತು ತಾಯಿಗೆ ಆ ಸ್ಪರ್ಶ ಗೆಳತಿಯದೆಂಬಂತೆ ತಟ್ಟುತ್ತದೆ. ಆದ್ದರಿಂದ ಇದನ್ನು ಹಳೆಯ ಹಗ್ಗವೆಂದು ನಾನು ಹೇಳಲಾರೆ. ಆದರೆ ತಾಯ್ತನ ಗೆದ್ದಿತು ಎಂದು ಚಪ್ಪಾಳೆ ತಟ್ಟಲೂ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ತವರಿನ ದೊಡ್ಡವರೆಲ್ಲ ಸೇರಿ ಮಾಡಬೇಕಾಗಿದ್ದ ಕೆಲಸವನ್ನು ಓದುವ ವಯಸ್ಸಿನ ಒಬ್ಬ ಹುಡುಗಿ ಅಪರಾತ್ರಿಯಲ್ಲಿ ಒಬ್ಬಳೇ ಮಾಡಬೇಕಾಯಿತು.

ಅಮೆರಿಕದ ಕವಯಿತ್ರಿ ಏಡ್ರಿಯನ್ ರಿಚ್, ಸ್ವತಃ ಮೂವರು ಗಂಡುಮಕ್ಕಳ ತಾಯಿ, 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೆಣ್ಣು ಅನುಭವಿಸುವ ತಾಯ್ತನವನ್ನೂ ಸಮಾಜ ಅವಳ ಮೇಲೆ ಹೊರಿಸುವ ತಾಯ್ತನದ ವ್ಯವಸ್ಥೆಯನ್ನೂ ಬೇರೆ ಬೇರೆಯಾಗಿ ನೋಡಿದರು. ಸ್ತ್ರೀವಾದಿಗಳಿಗೆ ತಾಯಿಯೆಂದರೆ ಆಗದು ಎಂಬ ದೂರನ್ನು ನಾನು ತುಮಕೂರಿನಲ್ಲೂ ಕೇಳಿದ್ದೇನೆ, ಕೋಲಾರದಲ್ಲೂ ಕೇಳಿದ್ದೇನೆ; ದೂರುವವರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿರುತ್ತಾರೆ. ನಮ್ಮ ತ್ರಿವೇಣಿಯವರು ಅದಕ್ಕೂ ಮೊದಲೇ ‘ಶರಪಂಜರ’ ಕಾದಂಬರಿಯಲ್ಲಿ ಈ ಗಂಟನ್ನು ಬಿಚ್ಚಿದ್ದರು. ಹೆರಿಗೆಯ ನಂತರ ಮನಸ್ಸು ಕದಡುವ, ಬಾಣಂತಿ ಸನ್ನಿಯೆಂದು ನಮ್ಮ ಕಡೆ ಕರೆಯುವ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆಯಿಂದ ವಾಸಿಯೂ ಆಗುತ್ತದೆ. ಕಾದಂಬರಿಯ ಕಾವೇರಿಗೂ ವಾಸಿಯಾಗುತ್ತದೆ. ವಾಸಿಯಾಗದಿರುವುದು ಮನೆಯವರ ನೋಟ: ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕೈ ಎತ್ತದೆ ಮಾಡುವ ಹಿಂಸೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಕನ್ನಡ ಕಾದಂಬರಿಗಳು ಕಡಿಮೆ. ಇದನ್ನು ಬರೆದ ತ್ರಿವೇಣಿಯವರೇ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರೆಂಬುದು ನೆನಪಾದಾಗಲೆಲ್ಲ ಆ ಪುಸ್ತಕವನ್ನು ಸ್ವಲ್ಪ ಹೊತ್ತು ಮಡಚಿಡಬೇಕಾಗುತ್ತದೆ.

ಪ್ರಶ್ನೆ: ನಾನು ಕನ್ನಡ ಉಪನ್ಯಾಸಕ. ‘ಕೆರೆಗೆ ಹಾರ’ ಜನಪದ ಹಾಡನ್ನು ಪಾಠ ಮಾಡುವಾಗ ‘ಭಾಗೀರಥಿಯ ತ್ಯಾಗ’ ಎಂದು ಟಿಪ್ಪಣಿ ಬರೆಸುವುದು ವಾಡಿಕೆ. ಈ ವರ್ಷ ಒಬ್ಬ ವಿದ್ಯಾರ್ಥಿನಿ, ‘ಕೊಲೆ ಎಂದು ಬರೆದರೆ ಅಂಕ ಕೊಡುತ್ತೀರಾ ಸರ್?’ ಎಂದು ಕೇಳಿದಳು. ಏನು ಹೇಳಲಿ?
— ಉಪನ್ಯಾಸಕರು, ಗುಡಿಬಂಡೆ

ಉತ್ತರ: ಪೂರ್ಣ ಅಂಕ ಕೊಡಿ. ಕೆರೆಗೆ ನೀರು ಬರಲೆಂದು ಕೊಡುವ ಬಲಿಗೆ ಯಾರೆಂದು ಮನೆಯ ಹಿರಿಯರು ಲೆಕ್ಕ ಹಾಕುವಾಗ, ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರೂ ಇಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ತ್ಯಾಗ ಎನ್ನುವುದಕ್ಕೆ ಕೊಡುವವರು ತಮ್ಮದನ್ನು ಕೊಡಬೇಕು. ಇಲ್ಲಿ ಕೆರೆ ಕಟ್ಟಿಸಿದವರು ಕೊಟ್ಟದ್ದು ಬೇರೆ ಮನೆಯಿಂದ ಬಂದ ಮಗಳನ್ನು.

ಹಾಡಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ತವರಿನ ಭಾಗ. ತಂದೆಗೆ ಭಾಗೀರಥಿ ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ಅವನು ಹೊಲಮನೆ ಕೊಡುತ್ತೇನೆ ಎನ್ನುತ್ತಾನೆ. ನಿಜ ಹೇಳುವುದು ಗೆಳತಿಗೆ. ಗೆಳತಿ ಕೊಡುವ ಉತ್ತರ ‘ಕೊಟ್ಟರೆ ಕೊಡಲೇಳು, ಇಟ್ಟಾಂಗ ಇರಬೇಕು’. ನೋಡಿ, ಮತ್ತೆ ಅದೇ ‘ಇರು’! ಈ ಸಾಲನ್ನು ಒಪ್ಪಿಗೆಯ ಮಾತೆಂದು ಓದಿಸುವುದು ಸುಲಭ. ಹೆಂಗಸರ ಬಾಯಲ್ಲಿ ಅದು ಒಪ್ಪಿಗೆಯೋ ಸಂಕಟವೋ ಎಂದು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಿ. ಕೊನೆಗೆ ದಂಡಿನಿಂದ ಬಂದ ಅವಳ ಗಂಡ ಮಾದೇವರಾಯ ತುಂಬಿದ ಕೆರೆಗೆ ತಾನೂ ಹಾರುತ್ತಾನಲ್ಲ, ಆ ನೀರು ನನಗೆ ಬೇಡ ಎಂದ ಒಬ್ಬನೇ ಒಬ್ಬ ಅವನು. ಹಾಡು ಅವನನ್ನು ಮರೆಯದೆ ಉಳಿಸಿಕೊಂಡಿದೆ.

ಇದಕ್ಕೆ ಹತ್ತಿರದ ಐತಿಹ್ಯವೊಂದು ಆಲ್ಬೇನಿಯ ದೇಶದಲ್ಲಿದೆ. ಕೋಟೆಯ ಗೋಡೆ ನಿಲ್ಲಲೆಂದು ಮೂವರು ಅಣ್ಣತಮ್ಮಂದಿರು ಕಿರಿಯವನ ಹೆಂಡತಿ ರೊಜಾಫಾಳನ್ನು ಗೋಡೆಯೊಳಗೆ ಕಟ್ಟುತ್ತಾರೆ, ಮಗುವಿಗೆ ಹಾಲುಣಿಸಲು ಒಂದು ಮೊಲೆಯನ್ನು ಹೊರಗೆ ಬಿಡಿ ಎಂದು ಅವಳು ಬೇಡಿಕೊಳ್ಳುತ್ತಾಳೆ. ತಾಯಿಯ ಹಾಲು ಬೇಕು, ತಾಯಿ ಬೇಡ. ಎರಡನ್ನೂ ಒಂದೇ ದಿನ ಪಾಠ ಮಾಡಿ ನೋಡಿ.

ಪ್ರಶ್ನೆ: ಹಾಗಾದರೆ ಪುಣ್ಯಕೋಟಿಯ ಹಾಡನ್ನೂ ಮಕ್ಕಳಿಗೆ ಹೇಳಿಕೊಡಬಾರದೇ?
— ಸಿರಾದಿಂದ ಒಬ್ಬ ತಂದೆ

ಉತ್ತರ: ಧಾರಾಳವಾಗಿ ಹೇಳಿಕೊಡಿ. ನನ್ನದೊಂದು ಸಣ್ಣ ಕೋರಿಕೆಯಿದೆ. ಹುಲಿಗೆ ಕೊಟ್ಟ ಮಾತಿನ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ‘ನಿಮ್ಮ ಕಂದನೆಂದು ಕಾಣಿರಿ ತಬ್ಬಲಿಯನೀ ಕರುವನು’ ಎಂದು ಪುಣ್ಯಕೋಟಿ ಅಕ್ಕತಂಗಿಯರಿಗೆ ಹೇಳುವ ಸಾಲಿನ ಬಳಿಯೂ ಸ್ವಲ್ಪ ನಿಲ್ಲಿ. ಒಬ್ಬಳ ಕರುವನ್ನು ಇಡೀ ಮಂದೆ ಸಾಕಬಹುದೆಂಬ ತಿಳಿವಳಿಕೆ ಆ ಹಾಡಿನಲ್ಲೇ ಇದೆ.

ಪ್ರಶ್ನೆ: ಕತೆ ಕಾದಂಬರಿಗಳ ಬಗ್ಗೆ ಕೇಳುವಷ್ಟು ಓದಿದವಳಲ್ಲ. ನನ್ನ ಅಮ್ಮ ‘ಶರಪಂಜರ’ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಏಟು ತಿಂದು ಎರಡು ಮಕ್ಕಳೊಂದಿಗೆ ತವರಿಗೆ ಹೋದರೆ, ಮಕ್ಕಳ ಮುಖ ನೋಡಿಕೊಂಡು ಇರು ಎಂದು ಬಸ್ಸು ಹತ್ತಿಸುತ್ತಾರೆ. ಕಾವೇರಿಗಾಗಿ ಅಳುವವರು ನನಗೇಕೆ ಹೀಗೆ ಹೇಳುತ್ತಾರೆ?
— ಹೆಸರು ಬೇಡ, ಗೌರಿಬಿದನೂರು

ಉತ್ತರ: ತಾಯಿ, ಈ ಸಲದ ಪತ್ರಗಳಲ್ಲಿ ಸಾಹಿತ್ಯದ ನಿಜವಾದ ಪ್ರಶ್ನೆ ಕೇಳಿದವರು ನೀವು. ಕಾವೇರಿಯನ್ನು ಮನೆಗೆ ಕರೆತಂದರೆ ಎಲ್ಲಿ ಮಲಗಿಸುವುದು, ಅಕ್ಕಪಕ್ಕದವರಿಗೆ ಏನು ಹೇಳುವುದು ಎಂಬ ಚಿಂತೆ ನಿಮ್ಮ ಅಮ್ಮನಿಗಿಲ್ಲ, ಹಾಗಾಗಿ ಅಳು ಸಲೀಸಾಗಿ ಬರುತ್ತದೆ. ಬಹುಶಃ ಅವರಿಗೂ ಯಾರೋ ಹೀಗೆಯೇ ಬಸ್ಸು ಹತ್ತಿಸಿದ್ದಿರಬಹುದು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಇಷ್ಟು ತಿಳಿದುಕೊಳ್ಳಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮನೆ ಯಾರ ಹೆಸರಿನಲ್ಲಿದ್ದರೂ ನೀವು ಸಂಸಾರ ಮಾಡುತ್ತಿರುವ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ನಿಮಗೆ ಕೊಡುತ್ತದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆಯೆಂದು ಹೇಳುತ್ತಾರೆ. ಫೋನು ಮಾಡುವುದಾದರೆ 181, ಏಟು ಬೀಳುತ್ತಿರುವ ಹೊತ್ತಿನಲ್ಲಾದರೆ 112. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ, ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿ ಹೆಂಗಸರಿಗೆ ಅವರ ವರಮಾನ ಎಷ್ಟೆಂದು ನೋಡದೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಅರ್ಜಿ ಬರೆಸುವಾಗ ಆ ಕಾಯ್ದೆಯ 21ನೆಯ ಸೆಕ್ಷನ್ನಿನ ಮಾತನ್ನು ಮರೆಯದೆ ಎತ್ತಿ: ಪ್ರಕರಣ ನಡೆಯುತ್ತಿರುವಾಗ ಮಕ್ಕಳಿಬ್ಬರೂ ನಿಮ್ಮ ಬಳಿಯೇ ಇರುವಂತೆ ತಾತ್ಕಾಲಿಕ ಆದೇಶ ಕೊಡಿ ಎಂದು ಆ ಸೆಕ್ಷನ್ನಿನ ಅಡಿಯಲ್ಲಿ ನೀವು ಕೇಳಬಹುದು.