ಡಿಸ್ಟೆನ್ಸ್ ರಿಲೇ ಇದ್ದ ಮೇಲೂ ಆಚೆ ತುದಿಯ ಸಿಗ್ನಲ್ ಯಾಕೆ?

ಡಿಸ್ಟೆನ್ಸ್ ರಿಲೇ (ಲೈನಿನಲ್ಲಿ ಫಾಲ್ಟ್ ಕಂಡರೆ ಬ್ರೇಕರ್ ತೆರೆಸುವ ಸಾಧನ) ತಾನೇ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಲೈನ್ ಒಡ್ಡುವ ತಡೆ, ಅಳೆದು ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ಹೇಳುತ್ತದೆ, ಹಾಗಿದ್ದ ಮೇಲೆ ಆಚೆ ಸಬ್‌ಸ್ಟೇಷನ್ನಿನಿಂದ ಸಿಗ್ನಲ್ ಯಾಕೆ ಬೇಕು ಅಂತ ಕೇಳಿದ್ದೀರಿ. ನಿಮ್ಮದು ಅಕ್ಕಪಕ್ಕ ಜೋಡಿಯಾಗಿ ಸಾಗುವ 30 ಕಿ.ಮೀ. ಉದ್ದದ ಎರಡು ಲೈನು, ಫೈಬರ್ ಇದೆ, ಪರ್ಮಿಸಿವ್ (ಆಚೆಯಿಂದ ಒಪ್ಪಿಗೆ ಬಂದರೆ ಬೇಗ ಬ್ರೇಕರ್ ತೆರೆಯುವುದು) ಹಾಕಬೇಕೋ ಬ್ಲಾಕಿಂಗ್ (ಬೇಡ ಅಂತ ಬರದಿದ್ದರೆ ತೆರೆಯುವುದು) ಹಾಕಬೇಕೋ ಅನ್ನುವುದು ಎರಡನೇ ಪ್ರಶ್ನೆ. ನಾನು ಪ್ರೊಟೆಕ್ಷನ್ ಕೆಲಸದಲ್ಲೇ ಇರುವವನು. ಕಂಡದ್ದನ್ನು ಹೇಳುತ್ತೇನೆ.

ರಿಲೇ ಅಳೆಯುತ್ತದೆ, ನಿಜ. ಆದರೆ ಆ ಅಳತೆಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕರೆಂಟ್ ಅಳೆಯುವ ಸಿಟಿಯಲ್ಲಿ ಸ್ವಲ್ಪ ತಪ್ಪು, ವೋಲ್ಟೇಜ್ ಅಳೆಯುವ ಸಿವಿಟಿಯಲ್ಲಿ ಸ್ವಲ್ಪ, ಲೈನಿನ ಇಂಪೀಡೆನ್ಸ್ ಲೆಕ್ಕದಲ್ಲೇ ಸ್ವಲ್ಪ. ಕಾಯದೆ ಕೂಡಲೇ ಕೆಲಸ ಮಾಡುವ ಮೊದಲ ವಲಯ ಝೋನ್ 1. ಅದನ್ನು ಪೂರ್ತಿ ಲೈನಿಗೆ ಇಟ್ಟರೆ ಆಚೆ ಬಸ್ (ಸಬ್‌ಸ್ಟೇಷನ್ನಿನಲ್ಲಿ ಲೈನುಗಳು ಕೂಡುವ ಜಾಗ) ದಾಟಿದ ಫಾಲ್ಟಿಗೂ ಅದು ಟ್ರಿಪ್ (ಬ್ರೇಕರ್ ತೆರೆಯುವ ಆದೇಶ) ಕೊಡಬಹುದು. ಅದಕ್ಕೇ ಸಾಮಾನ್ಯವಾಗಿ 80% ಹತ್ತಿರ ನಿಲ್ಲಿಸುತ್ತೇವೆ. ಉಳಿದದ್ದನ್ನು ಝೋನ್ 2 ನೋಡಿಕೊಳ್ಳುತ್ತದೆ. ಅದರ ರೀಚ್ (ನೋಡುವ ದೂರ) ಲೈನಿನ 120% ಅಥವಾ ಅದಕ್ಕಿಂತ ಜಾಸ್ತಿ, ಆದರೆ 300–400 ಮಿಲಿಸೆಕೆಂಡ್ ಕಾಯಬೇಕು.

ಈಗ 100 ಕಿ.ಮೀ. ಲೈನ್ ಅಂದುಕೊಳ್ಳಿ. 'ಎ' ತುದಿಯಿಂದ 92 ಕಿ.ಮೀ. ದೂರದಲ್ಲಿ ಫಾಲ್ಟ್. 'ಬಿ' ತುದಿಗೆ ಅದು ಬರೀ 8 ಕಿ.ಮೀ., ಝೋನ್ 1, ಕೂಡಲೇ ಬ್ರೇಕರ್ ತೆರೆಯುತ್ತದೆ. 'ಎ' ಮಾತ್ರ ಝೋನ್ 2 ಟೈಮರ್ ಮುಗಿಯಲಿ ಅಂತ ಕಾಯುತ್ತಾ ಕೂರುತ್ತದೆ. ಅಷ್ಟು ಹೊತ್ತು ಫಾಲ್ಟಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. 50 ಹರ್ಟ್ಜ್‌ನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್, ಅಂದರೆ ಹದಿನೈದಿಪ್ಪತ್ತು ಸೈಕಲ್. ಜನರೇಟರ್‌ಗಳು ಸಿಂಕ್ ತಪ್ಪಲು ಕೆಲವು ಕಡೆ ಅಷ್ಟೇ ಸಾಕು. ಎರಡೂ ತುದಿ ಒಟ್ಟಿಗೆ ತೆರೆಯದಿದ್ದರೆ ಆಟೋ ರೀಕ್ಲೋಸ್ (ತೆರೆದ ಬ್ರೇಕರ್ ತಾನೇ ಮತ್ತೆ ಮುಚ್ಚುವುದು) ಕೂಡ ಕೆಡುತ್ತದೆ, ಆರ್ಕ್ ಆರಲು ಸಮಯ ಸಿಗುವುದಿಲ್ಲ. ಎರಡೂ ಕಡೆ 20% ಬಿಟ್ಟರೆ ಎರಡು ತುದಿಯಿಂದಲೂ ತಕ್ಷಣ ಟ್ರಿಪ್ ಆಗುವುದು ನಡುವಿನ 60% ಮಾತ್ರ. ಲೈನಿನ 40% ಭಾಗದಲ್ಲಿ ಇದೇ ಕಥೆ ಅಲ್ವಾ?

ಸಿಗ್ನಲ್ ಬೇಕಾಗುವುದು ಇಲ್ಲಿ. 'ಬಿ'ಯ ಝೋನ್ 1 ಎದ್ದ, ಅಂದರೆ ಫಾಲ್ಟ್ ಕಂಡ, ಕೂಡಲೇ 'ಎ'ಗೆ ಹೇಳಿ ಕಳಿಸುತ್ತದೆ. 'ಎ' ತನ್ನ ಝೋನ್ 2 ಎದ್ದಿದೆಯಾ ನೋಡುತ್ತದೆ. ಎದ್ದಿದ್ದರೆ ಟೈಮರ್ ಬಿಟ್ಟು ಟ್ರಿಪ್. ಇದು ಪರ್ಮಿಸಿವ್‌ನ ಒಂದು ವಿಧ, ಪಿಯುಟಿಟಿ (ಪರ್ಮಿಸಿವ್ ಅಂಡರ್‌ರೀಚ್ ಟ್ರಾನ್ಸ್‌ಫರ್ ಟ್ರಿಪ್). ಝೋನ್ 1ರ ಬದಲು ಝೋನ್ 2 ಎದ್ದಾಗಲೇ ಸಿಗ್ನಲ್ ಕಳಿಸಿದರೆ ಇನ್ನೊಂದು ವಿಧ, ಪಿಒಟಿಟಿ (ಪರ್ಮಿಸಿವ್ ಓವರ್‌ರೀಚ್ ಟ್ರಾನ್ಸ್‌ಫರ್ ಟ್ರಿಪ್). ಎರಡೂ ಕಡೆಯವರು ಫಾಲ್ಟ್ ಮುಂದಕ್ಕಿದೆ ಅಂದರೆ ಅದು ನಡುವೆಯೇ ಇರಬೇಕು, ಅಷ್ಟೇ ತರ್ಕ. ಬ್ಲಾಕಿಂಗ್ ಇದಕ್ಕೆ ಉಲ್ಟಾ. ಫಾಲ್ಟ್ ತನ್ನ ಬೆನ್ನ ಹಿಂದೆ ಕಂಡ ರಿಲೇ 'ನೀನು ಟ್ರಿಪ್ ಮಾಡಬೇಡ' ಅಂತ ಕಳಿಸುತ್ತದೆ. ಆಚೆಯದು ಆ ಮಾತಿಗಾಗಿ ತುಸು ಹೊತ್ತು ಕಾಯುತ್ತದೆ, ಬರದಿದ್ದರೆ ಟ್ರಿಪ್.

ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ: ಸಿಗ್ನಲ್ ಬರದೇ ಹೋದರೆ ಏನಾಗುತ್ತದೆ? ಪರ್ಮಿಸಿವ್‌ನಲ್ಲಿ ಟ್ರಿಪ್ ತಡವಾಗುತ್ತದೆ, ಝೋನ್ 2 ಟೈಮರ್ ಕಾಯುತ್ತದೆ. ಬ್ಲಾಕಿಂಗ್‌ನಲ್ಲಿ ಹೊರಗಿನ ಫಾಲ್ಟಿಗೂ ಒಳ್ಳೆಯ ಲೈನ್ ಸುಮ್ನೆ ಬಿದ್ದುಹೋಗುತ್ತದೆ. ಪವರ್ ಲೈನ್ ಕ್ಯಾರಿಯರ್ ಇದ್ದ ಕಡೆ ಇನ್ನೊಂದು ವಿಷಯ ಸೇರುತ್ತದೆ. ಸಿಗ್ನಲ್ ಹೋಗುವುದು ಫಾಲ್ಟ್ ಆದ ಅದೇ ಲೈನಿನ ಮೇಲೆ, ಬೇಕಾದಾಗಲೇ ಅದು ಕುಗ್ಗಿಹೋಗಬಹುದು. ಬ್ಲಾಕಿಂಗ್‌ಗೆ ಆ ಭಯವಿಲ್ಲ, ಅದರ ಸಿಗ್ನಲ್ ಬೇಕಾಗುವುದು ಲೈನ್ ಸರಿಯಿದ್ದಾಗ. ನಿಮ್ಮಲ್ಲಿ ಫೈಬರ್ ಇರುವುದರಿಂದ ಈ ಚಿಂತೆ ಬೇಡ.

ಆದರೆ ಜೋಡಿ ಲೈನ್ ಅಂದಿರಲ್ಲ, ಅಲ್ಲಿ ಎಚ್ಚರ. ಒಮ್ಮೆ ಪಕ್ಕದ ಲೈನಿನಲ್ಲಿ ಫಾಲ್ಟ್ ಆಗಿ, ಏನೂ ಆಗದ ಲೈನ್ ಕೂಡ ಬಿದ್ದಿತ್ತು. ಎಲ್ಲರೂ ಸೆಟ್ಟಿಂಗ್ ತಪ್ಪು ಅಂದರು. ಡಿಸ್ಟರ್ಬೆನ್ಸ್ ರೆಕಾರ್ಡ್ ತೆರೆದು ಕೂತೆ. ಒಳ್ಳೆಯ ಲೈನಿನ 'ಬಿ' ತುದಿಯಲ್ಲಿ ಮೊದಲು ಹಿಮ್ಮುಖ ಪಿಕಪ್ (ಫಾಲ್ಟ್ ಬೆನ್ನ ಹಿಂದಿದೆ ಅನ್ನುವ ಗುರುತು), ಜೊತೆಗೆ 'ಎ'ಯಿಂದ ಬಂದ ಸಿಗ್ನಲ್. ಅಲ್ಲಿಯವರೆಗೆ ಎಲ್ಲ ಸರಿ. ಅಷ್ಟರಲ್ಲಿ ಪಕ್ಕದ ಲೈನಿನ 'ಬಿ' ಬ್ರೇಕರ್ ತೆರೆಯಿತು. ಒಳ್ಳೆಯ ಲೈನಿನಲ್ಲಿ ಹರಿಯುತ್ತಿದ್ದ ಕರೆಂಟ್ ದಿಕ್ಕು ಬದಲಿಸಿತು. 'ಬಿ'ಯಲ್ಲಿ ಈಗ ಮುಮ್ಮುಖ ಪಿಕಪ್. 'ಎ'ಯ ಹಳೆಯ ಸಿಗ್ನಲ್ ಇನ್ನೂ ಇಳಿದಿರಲಿಲ್ಲ. ಸ್ಕ್ರೀನ್ ಮೇಲೆ ಎರಡು ಗೆರೆ ಒಂದರ ಮೇಲೊಂದು ಬಂದದ್ದು ಬೆರಳಷ್ಟು ಅಗಲ, ಅಷ್ಟಕ್ಕೇ ಟ್ರಿಪ್. ರಿಲೇ ಹೇಳಿದ ಹಾಗೇ ಕೇಳಿತ್ತು. ಕರೆಂಟ್ ದಿಕ್ಕು ಬದಲಾದಾಗ ಟ್ರಿಪ್ ಅನ್ನು ತುಸು ಹೊತ್ತು ತಡೆಯುವ ಕರೆಂಟ್ ರಿವರ್ಸಲ್ ಗಾರ್ಡ್ ಹಾಕುವುದನ್ನು ಮರೆತವರು ನಾವು.

ಹಾಗಾಗಿ ನಿಮಗೆ ನನ್ನ ಸಲಹೆ ಪಿಒಟಿಟಿ. 30 ಕಿ.ಮೀ. ಲೈನಿನಲ್ಲಿ ಇಂಪೀಡೆನ್ಸ್ ಕಡಿಮೆ, ಫಾಲ್ಟಿನ ರೆಸಿಸ್ಟೆನ್ಸ್ ಸೇರಿದರೆ ಝೋನ್ 1 ನೋಡದೇ ಬಿಡಬಹುದು. ಪಿಯುಟಿಟಿ ನಿಂತಿರುವುದೇ ಅದರ ಮೇಲೆ. ಗಾರ್ಡ್ ಟೈಮರ್ ಅನ್ನು ಆಚೆ ಕಡೆಯ ಝೋನ್ 2 ಇಳಿಯುವ ಸಮಯ, ಚಾನೆಲ್ ರೀಸೆಟ್ ಸಮಯ ಎರಡನ್ನೂ ಕೂಡಿ, ಮೇಲೆ ಸ್ವಲ್ಪ ಮಾರ್ಜಿನ್ ಇಟ್ಟು ಹಾಕಿ. ಒಂದು ತುದಿಯ ಸೋರ್ಸ್ ದುರ್ಬಲವಾಗಿದ್ದರೆ ಅಲ್ಲಿನ ರಿಲೇ ಏಳುವುದೇ ಇಲ್ಲ, ಸಿಗ್ನಲ್ಲೂ ಕಳಿಸುವುದಿಲ್ಲ. ಅಲ್ಲಿ ವೀಕ್ ಇನ್‌ಫೀಡ್ ಎಕೋ (ಆಚೆಯಿಂದ ಬಂದ ಸಿಗ್ನಲ್ಲನ್ನೇ ವಾಪಸ್ ಕಳಿಸುವುದು) ಆನ್ ಮಾಡಿ. ಎಕೋ ಹೋಗುವ ಮುಂಚೆ ಹಿಮ್ಮುಖ ಝೋನ್ ಎದ್ದಿಲ್ಲ ಅಂತ ರಿಲೇ ಖಚಿತ ಮಾಡಿಕೊಳ್ಳಲೇಬೇಕು, ಆ ಲಾಜಿಕ್ ಟೆಸ್ಟ್ ಮಾಡದೆ ಲೈನ್ ಚಾರ್ಜ್ ಮಾಡಬೇಡಿ.