ಓರ್ಕಾ ಮಗ ಅಮ್ಮನ ಜೊತೆಗೇ ಇರುತ್ತಾನೆ, ಸರಿ. ಓರ್ಕಾ ಮಗಳು?

ಪ್ರಶ್ನೆ: ನಾನು ಶಿವಮೊಗ್ಗದವಳು, ಈಗ ಸಿಯಾಟಲ್‌ನಲ್ಲಿದ್ದೇನೆ. ಏಳು ತಿಂಗಳು, ಚೊಚ್ಚಲು. ಅತ್ತೆ ಎರಡು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಕೆಟ್ಟವರಲ್ಲ. ಆದರೆ ನನ್ನ ಗಂಡ ಸಾರಿನ ಉಪ್ಪಿನಿಂದ ಹಿಡಿದು ಕಾರಿನ ಬಣ್ಣದವರೆಗೆ ಅವರನ್ನು ಕೇಳದೆ ಏನೂ ಮಾಡುವುದಿಲ್ಲ. ಬಾಣಂತನಕ್ಕೆ ನನ್ನಮ್ಮ ಬರಲಿ, ವೀಸಾ ಹೇಗೂ ಇದೆ ಅಂದೆ. "ನಮ್ಮಮ್ಮ ಇಲ್ಲೇ ಇರುವಾಗ ಅವರು ಯಾಕೆ?" ಅಂದರು. ಬೇಸಿಗೆಯಲ್ಲಿ ಸಾನ್ ವಾನ್ ದ್ವೀಪಕ್ಕೆ ಹೋಗಿ, ಲೈಮ್ ಕಿಲ್ನ್ ದಂಡೆಯಿಂದ ಓರ್ಕಾ, ಅಂದರೆ ಆ ಕಪ್ಪು-ಬಿಳುಪಿನ ಕಿಲ್ಲರ್ ವೇಲ್, ನೋಡಿದ್ದೆವು. ಗಂಡು ಓರ್ಕಾ ಸಾಯುವ ತನಕ ತಾಯಿಯನ್ನು ಬಿಟ್ಟು ಹೋಗುವುದಿಲ್ಲ ಅಂತ ಅಲ್ಲಿ ಯಾರೋ ಹೇಳಿದರು. ಅವತ್ತಿನಿಂದ ನಾನು ಬಾಯಿ ತೆರೆದರೆ ಸಾಕು, ನನ್ನ ಗಂಡ "ನೋಡು, ಪ್ರಕೃತಿಯೇ ಹಾಗಿದೆ" ಅನ್ನುತ್ತಾರೆ. ನಾನು ಸ್ವಾರ್ಥಿಯಾ?

ಉತ್ತರ: ಅಲ್ಲ. ಅದನ್ನು ಮೊದಲೇ ಹೇಳಿಬಿಡ್ತೀನಿ, ಈ ಹೊತ್ತಲ್ಲಿ ನಿಮಗೆ ಆ ಯೋಚನೆ ಬೇಡ. ಚೊಚ್ಚಲ ಹೆರಿಗೆಗೆ ಅಮ್ಮ ಬೇಕು ಅನ್ನಿಸುವುದು ಸ್ವಾರ್ಥವಾದರೆ, ನಮ್ಮ ಕಡೆ ತಲೆತಲಾಂತರದಿಂದ ತವರಿಗೆ ಹೋಗಿ ಹೆತ್ತವರೆಲ್ಲ ಸ್ವಾರ್ಥಿಗಳೇ ಆಗಬೇಕಿತ್ತು.

ಈಗ ಓರ್ಕಾ ವಿಷಯಕ್ಕೆ ಬರೋಣ. ನಿಮ್ಮವರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ದಾರೆ. ನಿಮ್ಮ ಕಡೆಯ ಸಮುದ್ರದಲ್ಲಿ ಸಾಲ್ಮನ್ ಮೀನು ತಿಂದು ಬದುಕುವ ಓರ್ಕಾಗಳಿವೆ. ಜೆ, ಕೆ, ಎಲ್ ಅಂತ ಮೂರು ದೊಡ್ಡ ಗುಂಪು, ಎಲ್ಲ ಸೇರಿದರೂ ಎಪ್ಪತ್ತೈದರ ಆಸುಪಾಸು. ಅವುಗಳಲ್ಲಿ ಮಗ ತಾಯಿಯನ್ನು ಬಿಡುವುದಿಲ್ಲ. ದಂಡೆಯಿಂದ ನೀವೂ ಗಮನಿಸಿರಬಹುದು, ಆಳೆತ್ತರದ ನೆಟ್ಟನೆಯ ಬೆನ್ನುರೆಕ್ಕೆ ಗಂಡಿನದು, ಅದರ ಪಕ್ಕದಲ್ಲೇ ಚಿಕ್ಕದಾಗಿ ಬಾಗಿದ ರೆಕ್ಕೆ ಎದ್ದರೆ ಎಷ್ಟೋ ಸಲ ಅದು ಅವನ ಅಮ್ಮನದೇ. ಮೂವತ್ತು ವರ್ಷದ ಮಗನಿಗೂ ತಾಯಿ ತಾನು ಹಿಡಿದ ಮೀನನ್ನು ಕಚ್ಚಿ ತುಂಡು ಮಾಡಿ ಪಾಲು ಕೊಡುತ್ತಾಳೆ.

ಆದರೆ ಮಗಳು? ಅವಳೂ ಎಲ್ಲಿಗೂ ಹೋಗುವುದಿಲ್ಲ! ಅಲ್ಲಿ ಸೊಸೆ ಅನ್ನುವ ಸಂಬಂಧವೇ ಇಲ್ಲ. ಗುಂಪುಗಳು ಒಂದಕ್ಕೊಂದು ಎದುರಾದಾಗ ಗಂಡು ಸಾಮಾನ್ಯವಾಗಿ ಬೇರೆ ತಾಯಿಯ ಬಳಗದ ಹೆಣ್ಣನ್ನು ಕೂಡುತ್ತದೆ, ಆಮೇಲೆ ತನ್ನ ಅಮ್ಮನ ಹತ್ತಿರ ವಾಪಸ್. ಹೆಣ್ಣು ತನ್ನ ಅಮ್ಮನ ಹತ್ತಿರ. ಸುಮಾರು ಹದಿನೇಳು ತಿಂಗಳು ಹೊತ್ತು ಅವಳು ಹೆರುವುದು ತವರಿನಲ್ಲೇ, ತನ್ನ ತಾಯಿ, ಅಕ್ಕತಂಗಿ, ಅಣ್ಣತಮ್ಮಂದಿರ ನಡುವೆ. ಮರಿಯ ಪಕ್ಕ ಈಜುವ ದೊಡ್ಡ ಗಂಡನ್ನು ಅಪ್ಪ ಅಂದುಕೊಳ್ಳಬೇಡಿ, ಅದು ಅಣ್ಣನೋ ಸೋದರಮಾವನೋ ಆಗಿರುತ್ತೆ. ಅಪ್ಪ ಯಾರು ಅಂತ ವಿಜ್ಞಾನಿಗಳಿಗೂ ಡಿಎನ್‌ಎ ನೋಡಿಯೇ ಗೊತ್ತಾಗಿದ್ದು.

ಅಂದರೆ ಪ್ರಕೃತಿಯೇ ಲೆಕ್ಕ ಅನ್ನುವುದಾದರೆ, ಈ ಹೆರಿಗೆಗೆ ನಿಮ್ಮಮ್ಮ ಬರಲೇಬೇಕು. ಇದನ್ನು ಜಗಳದಲ್ಲಿ ಗೆಲ್ಲುವುದಕ್ಕೆ ಬಳಸಿ ಅಂತ ನಾನು ಹೇಳುತ್ತಿಲ್ಲ. ಸಮುದ್ರದ ಪ್ರಾಣಿಯನ್ನು ನೋಡಿ ನಾವು ಸಂಸಾರ ಮಾಡಬೇಕಾಗಿಯೂ ಇಲ್ಲ. ಓರ್ಕಾಗಳಲ್ಲೇ ಎಲ್ಲದರ ರೀತಿ ಒಂದೇ ಅಲ್ಲ, ಅದೇ ನೀರಿನಲ್ಲಿ ಸೀಲ್ ಹಿಡಿದು ತಿನ್ನುವ ಇನ್ನೊಂದು ಬಗೆಯಿದೆ, ಅವುಗಳ ಗುಂಪು ಚಿಕ್ಕದು, ಬೆಳೆದ ಮಕ್ಕಳು ತಾಯಿಯನ್ನು ಬಿಟ್ಟು ಹೋಗುವುದೂ ಉಂಟು. ನಿಮ್ಮವರು ಒಂದು ಸಾಲು ಹಿಡಿದುಕೊಂಡಿದ್ದಾರೆ ಅಲ್ವಾ, ಪೂರ್ತಿ ಪುಟ ಓದಲಿ ಅಂತ ಇಷ್ಟು ಬರೆದೆ.

ಆ ಪುಟದಲ್ಲಿ ಅವರಿಗಾಗಿಯೇ ಇರುವ ಮಾತುಗಳೂ ಇವೆ. 1970ರ ದಶಕದಿಂದ ಒಂದೊಂದು ಓರ್ಕಾವನ್ನೂ ಫೋಟೋದಲ್ಲಿ ಗುರುತು ಹಿಡಿದು ಲೆಕ್ಕ ಇಟ್ಟಿದ್ದಾರಲ್ಲ, ಅದರಿಂದ 2012ರಲ್ಲಿ ಒಂದು ಸಂಗತಿ ಗೊತ್ತಾಯಿತು. ಮೂವತ್ತು ದಾಟಿದ ಗಂಡು ಓರ್ಕಾ ತಾಯಿ ಸತ್ತ ಒಂದು ವರ್ಷದೊಳಗೆ ತಾನೂ ಸಾಯುವ ಸಾಧ್ಯತೆ ಸುಮಾರು 14 ಪಟ್ಟು ಜಾಸ್ತಿ. ಮಗಳಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. 2023ರ ಇನ್ನೊಂದು ಅಧ್ಯಯನ ತಾಯಿಯ ಕಡೆಯಿಂದ ನೋಡಿತು. ಹಾಲು ಬಿಟ್ಟ ಮೇಲೂ ಮಗನನ್ನು ಸಾಕುತ್ತಲೇ ಇರುವ ತಾಯಿ ಆ ವರ್ಷ ಇನ್ನೊಂದು ಮರಿ ಹೆತ್ತು ಉಳಿಸಿಕೊಳ್ಳುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ. ಆ ಸಾಲನ್ನು ಓದಿ ನನಗೆ ಸಂಕಟವಾಯಿತು. ಮಗನ ಮೇಲಿನ ಆ ಅಕ್ಕರೆಗೆ ಅವಳ ಮೈಯೇ ಬೆಲೆ ಕೊಡುತ್ತಿದೆ.

ನಿಮ್ಮತ್ತೆಯ ವಿಷಯದಲ್ಲಿ ಇದನ್ನು ಸ್ವಲ್ಪ ಯೋಚಿಸಿ. ಮೂವತ್ತು ದಾಟಿದ ಮಗ ಉಪ್ಪಿಗೂ ಅಮ್ಮನನ್ನು ಕೇಳುತ್ತಾನೆ ಅಂದರೆ ಅವರಿಗೆ ಬಿಡುವು ಯಾವಾಗ? ನೆಂಟರಿಲ್ಲ, ಪಕ್ಕದ ಮನೆಯವರ ಮಾತು ಬರುವುದಿಲ್ಲ, ಹೊರಗೆ ದಿನವಿಡೀ ಮಳೆ. ಇದರ ಮೇಲೆ ಎಣ್ಣೆನೀರು, ಮೆಣಸಿನ ಸಾರು, ರಾತ್ರಿ ಮೂರು ಗಂಟೆಗೆ ಎದ್ದು ಮಗು ಎತ್ತಿಕೊಳ್ಳುವುದು ಎಲ್ಲವನ್ನೂ ಅವರೊಬ್ಬರ ತಲೆಗೆ ಕಟ್ಟುವ ಮುಂಚೆ, ಅವರನ್ನು ಯಾರಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಗಂಡ ಏನಂದರು ಅಂತಿದೆ, ಅತ್ತೆ ಏನಂದರು ಅಂತ ಎಲ್ಲೂ ಇಲ್ಲ.

ಆದ್ದರಿಂದ ಗಂಡನ ಹತ್ತಿರ ಮತ್ತೆ ವಾದಕ್ಕೆ ಇಳಿಯಬೇಡಿ. ಮೊದಲು ಅತ್ತೆಯ ಹತ್ತಿರ ಹೋಗಿ, ಅವರು ಸೊಪ್ಪು ಬಿಡಿಸುತ್ತಾ ಕೂತಿರುವಾಗ ಪಕ್ಕದಲ್ಲಿ ಕೂತು ಒಂದು ಹಿಡಿ ನೀವೂ ಬಿಡಿಸಿ. "ಅತ್ತೆ, ನಿಮ್ಮ ಮೊದಲ ಬಾಣಂತನ ಯಾರು ಮಾಡಿದ್ರು?" ಅಂತ ಕೇಳಿ. ಅವರು ಹೇಳಲಿ, ಪೂರ್ತಿ ಕೇಳಿಸಿಕೊಳ್ಳಿ. ನಮ್ಮ ಹೆಂಗಸರು ಆ ಕಥೆ ಅರ್ಧಕ್ಕೆ ನಿಲ್ಲಿಸುವುದಿಲ್ಲ, ಅದರಲ್ಲಿ ಅವರ ಅಮ್ಮ ಬಂದೇ ಬರುತ್ತಾರೆ. ಆಮೇಲೆ ನಿಮ್ಮ ಮಾತು ಹೇಳಿ: "ನನಗೂ ಅಮ್ಮ ಪಕ್ಕದಲ್ಲಿದ್ರೆ ಧೈರ್ಯ. ನೀವೂ ಇರಬೇಕು, ಅವರೂ ಬರಲಿ." ನಿಮಗೆ ಅತ್ತೆ ಬೇಡವಾಗಿ ಅಮ್ಮ ಬೇಕಾಗಿಲ್ಲ ಅನ್ನುವುದು ಅವರಿಗೆ ನಿಮ್ಮ ಬಾಯಿಂದಲೇ ಗೊತ್ತಾಗಬೇಕು. ಅವರು ಒಪ್ಪದೆಯೂ ಇರಬಹುದು, ಮುಖ ಸಣ್ಣದು ಮಾಡಿಕೊಳ್ಳಬಹುದು. ಆಗಲೂ ಅಮ್ಮನನ್ನು ಕರೆಸಿಕೊಳ್ಳಿ. ಹೆರುವವರು ನೀವು, ಇದೊಂದರಲ್ಲಿ ಕೊನೆಯ ಮಾತು ನಿಮ್ಮದೇ.

ಅಜ್ಜಿಯರು ಇಬ್ಬರಾದರೆ ತಪ್ಪೇನಿಲ್ಲ. ಓರ್ಕಾ ಹೆಣ್ಣು ಸುಮಾರು ನಲವತ್ತಕ್ಕೆ ಹೆರುವುದು ನಿಲ್ಲಿಸಿ ಆಮೇಲೂ ದಶಕಗಟ್ಟಲೆ ಬದುಕುತ್ತಾಳೆ, ಸಾಲ್ಮನ್ ಕಮ್ಮಿಯಾದ ವರ್ಷ ಗುಂಪಿನ ಮುಂದೆ ಈಜುವುದು ಅವಳೇ. ಅಂಥ ಅಜ್ಜಿ ಇದ್ದರೆ ಮೊಮ್ಮಕ್ಕಳು ಉಳಿಯುವುದು ಜಾಸ್ತಿ ಅಂತಲೂ ಕಂಡಿದ್ದಾರೆ. ನಿಮ್ಮ ಮಗುವಿಗೆ ಎರಡೂ ಕಡೆಯ ಅಜ್ಜಿ ಸಿಗುವ ಹಾಗಿದೆ. ಅಡುಗೆ ಯಾರದು, ಸ್ನಾನ ಯಾರದು ಅಂತ ಮಾತ್ರ ಮೊದಲೇ ಹಂಚಿಕೊಳ್ಳಿ, ಇಲ್ಲದಿದ್ದರೆ ಸಾಸಿವೆ ಡಬ್ಬಿ ಎಲ್ಲಿಡಬೇಕು ಅನ್ನುವುದಕ್ಕೂ ಮನಸ್ತಾಪವಾಗುತ್ತೆ.

ನಿಮ್ಮವರಿಗೆ ಒಂದು ಮಾತು, ಇದನ್ನು ಅವರಿಗೆ ತೋರಿಸಿ. ಅಣ್ಣಾ, ನೀವು ಅಮ್ಮನ ಮೇಲೆ ಇಟ್ಟಿರುವ ಪ್ರೀತಿ ದೊಡ್ಡದು, ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಗಂಡು ಓರ್ಕಾಗೆ ಇಲ್ಲದ ಒಂದು ಭಾಗ್ಯ ನಿಮಗಿದೆ, ನಿಮ್ಮ ಮಗು ನಿಮ್ಮ ಮನೆಯಲ್ಲೇ, ನಿಮ್ಮ ಕಣ್ಣೆದುರೇ ಬೆಳೆಯುತ್ತದೆ. ಇನ್ನು ಎರಡು ತಿಂಗಳಿದೆ. ಅಷ್ಟರಲ್ಲಿ ಅನ್ನ, ಸಾರು ಮಾಡುವುದನ್ನು ಅಮ್ಮನಿಂದಲೇ ಕಲಿಯಿರಿ, ಉಪ್ಪು ಎಷ್ಟು ಅಂತ ಕೇಳದೆ ಹಾಕುವ ಮಟ್ಟಿಗೆ. ನಿಮ್ಮ ಅತ್ತೆಯವರ, ಅಂದರೆ ಹೆಂಡತಿಯ ಅಮ್ಮನ, ಟಿಕೆಟ್ ನೀವೇ ಬುಕ್ ಮಾಡಿ, ವಿಮಾನ ನಿಲ್ದಾಣಕ್ಕೆ ಕರೆತರಲು ಹೋಗುವಾಗ ನಿಮ್ಮಮ್ಮನನ್ನೂ ಕರೆದುಕೊಂಡು ಹೋಗಿ.