ಕತ್ತರಿ ಮಾತು: ತಿರುಚುವ ಕಾಲು, ಅಮ್ಮನ ಇಳಕಲ್ ಸೀರೆ, ಚೂರು ಉಳಿಯದ ಕಟಿಂಗ್

ಪ್ರಶ್ನೆ: ಅಕ್ಕಾ, ನಾನು ಫ್ಯಾಷನ್ ಡಿಸೈನ್ ಡಿಪ್ಲೊಮಾ ವಿದ್ಯಾರ್ಥಿ. ನಾನೇ ಪ್ಯಾಟರ್ನ್ ಹಾಕಿ ಜೀನ್ಸ್ ಹೊಲಿದೆ. ಹೊಲಿದಾಗ ಚೆನ್ನಾಗಿಯೇ ಇತ್ತು. ವಾಷಿಂಗ್ ಯೂನಿಟ್‌ಗೆ ಹೋಗಿ ಬಂದ ಮೇಲೆ ಕಾಲು ತಿರುಚಿಕೊಂಡಿದೆ, ಪಕ್ಕದ ಹೊಲಿಗೆ ಮೊಣಕಾಲ ಕೆಳಗೆ ಮುಂದಕ್ಕೆ ಬಂದಿದೆ. ನನ್ನ ಪ್ಯಾಟರ್ನೇ ತಪ್ಪೇ?
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ತಮ್ಮಾ, ಒಂದು ಕಾಲನ್ನಷ್ಟೇ ನೋಡಿ ಬರೆದಿದ್ದೀಯ. ಇನ್ನೊಂದನ್ನೂ ನೋಡು. ಒಂದು ಕಾಲಿನ ಪಕ್ಕದ ಹೊಲಿಗೆ ಮುಂದಕ್ಕೆ ಬಂದು ಇನ್ನೊಂದರದ್ದು ಹಿಂದಕ್ಕೆ ಸರಿದಿದ್ದರೆ ಎರಡೂ ಕಾಲು ಒಂದೇ ದಿಕ್ಕಿಗೆ ತಿರುಗಿವೆ ಎಂದರ್ಥ. ಅದು ಬಟ್ಟೆಯ ಕೆಲಸ. ಎರಡೂ ಹೊಲಿಗೆ ಮುಂದಕ್ಕೇ ಬಂದಿದ್ದರೆ ಮಾತ್ರ ನಿನ್ನ ಪ್ಯಾಟರ್ನ್ ಮೇಲೆ, ಇಲ್ಲವೇ ಮಷಿನ್ ಮೇಲೆ ಅನುಮಾನ ಪಡು. ಮುಂದಿನ ಭಾಗ, ಹಿಂದಿನ ಭಾಗಗಳ ಉದ್ದ ಹೊಂದಿರುವುದಿಲ್ಲ, ಅಥವಾ ಹೊಲಿಯುವಾಗ ಒಂದನ್ನು ಎಳೆದು ಕೂಡಿಸಿರುತ್ತಾರೆ.

ಬಟ್ಟೆ ಯಾಕೆ ತಿರುಗುತ್ತದೆ? ಡೆನಿಮ್ ಮೇಲೆ ಓರೆ ಗೆರೆ ಕಾಣುತ್ತದಲ್ಲ, ಗುಟ್ಟು ಅಲ್ಲೇ ಇದೆ. ನೀಲಿ ಹಾಸಿನ (ಉದ್ದಕ್ಕಿರುವ ನೂಲಿನ) ಒಂದೊಂದು ಎಳೆಯೂ ಬಿಳಿ ಹೊಕ್ಕಿನ (ಅಡ್ಡ ನೂಲಿನ) ಮೂರು ಎಳೆ ದಾಟಿ ಒಂದರ ಕೆಳಗೆ ನುಸುಳುತ್ತದೆ. ಪಕ್ಕದ ಎಳೆ ಅದನ್ನೇ ಒಂದು ಹೆಜ್ಜೆ ಸರಿದು ಮಾಡುತ್ತದೆ. ಹಾಗಾಗಿ ನೇಯ್ಗೆಯ ಬಿಗಿ ಒಂದೇ ಕಡೆ ವಾಲಿರುತ್ತದೆ. ನೀರು ಬಿದ್ದ ಕೂಡಲೇ ಬಟ್ಟೆ ಆ ಬಿಗಿ ಸಡಿಲಿಸಿಕೊಂಡು ಓರೆಯಾಗುತ್ತದೆ. ಒಳ್ಳೆಯ ಮಿಲ್‌ನವರು ಫಿನಿಶಿಂಗ್‌ನಲ್ಲೇ ಬಟ್ಟೆಯನ್ನು ಬೇಕೆಂದು ಓರೆಗೆ ಎಳೆದು ಕಳಿಸುತ್ತಾರೆ, ಮುಂದೆ ತಿರುಗುವುದಕ್ಕೆ ಏನೂ ಉಳಿಯದಿರಲಿ ಅಂತ. ರ‍್ಯಾಂಗ್ಲರ್ ಕಂಪನಿ 1964ರಲ್ಲಿ ಬೇರೆ ದಾರಿ ಹಿಡಿಯಿತು. ಓರೆ ಗೆರೆಯನ್ನು ಮಧ್ಯೆ ಮಧ್ಯೆ ಮುರಿದು ಎಡಕ್ಕೆ ಬಲಕ್ಕೆ ಹಾಯಿಸಿದರು, ಒಂದರ ಎಳೆತ ಇನ್ನೊಂದರಲ್ಲಿ ಕಳೆದುಹೋಯಿತು. ಅದಕ್ಕೇ ಬ್ರೋಕನ್ ಟ್ವಿಲ್, ಅಂದರೆ ಮುರಿದ ಓರೆ ನೇಯ್ಗೆ, ಅನ್ನುತ್ತಾರೆ. ನೀನು ತಂದದ್ದು ತೂಕದ ಮೇಲೆ ಸಿಗುವ ಕಟ್‌ಪೀಸ್ ಇರಬೇಕು. ಅದರಲ್ಲಿ ಯಾವ ತುಂಡು ಯಾವ ಲಾಟ್‌ನದ್ದೋ ದೇವರಿಗೇ ಗೊತ್ತು.

ಮುಂದಿನ ಸಲ ಕತ್ತರಿ ಹಾಕುವ ಮೊದಲು ಅದೇ ಬಟ್ಟೆಯ ಮೇಲೆ 50 ಸೆಂಟಿಮೀಟರ್ ಚೌಕ ಗುರುತು ಮಾಡು. ಸುತ್ತ ಒಂದು ಗೇಣು ಬಿಟ್ಟು ಕತ್ತರಿಸಿ, ಅಂಚಿಗೆ ಓವರ್‌ಲಾಕ್ ಹೊಡೆದು, ಜೀನ್ಸ್‌ಗೆ ಮಾಡಿಸುವ ವಾಷನ್ನೇ ಅದಕ್ಕೂ ಮಾಡಿಸು. ಮನೆಯ ಬಕೆಟ್ಟಿನಲ್ಲಿ ನೆನೆಸಿ ತೆಗೆದರೆ ಅದು ಪರೀಕ್ಷೆ ಅಲ್ಲ. ಬಂದ ಮೇಲೆ ಉದ್ದ, ಅಗಲ ಅಳೆ. ಚೌಕದ ಎರಡು ಕರ್ಣಗಳನ್ನೂ ಅಳೆ. ಕರ್ಣಗಳಲ್ಲಿ ವ್ಯತ್ಯಾಸ ಬಂದರೆ ಬಟ್ಟೆ ಓರೆಯಾಗಿದೆ ಎಂದೇ ಲೆಕ್ಕ.

ಕುಗ್ಗುವುದರ ಲೆಕ್ಕದಲ್ಲಿ ಎಷ್ಟೋ ಮಾಸ್ಟರ್‌ಗಳೂ ಎಡವುತ್ತಾರೆ. 50 ಇದ್ದದ್ದು 45ಕ್ಕೆ ಇಳಿದರೆ ಶೇ 10 ಕುಗ್ಗಿತು. ಆಗ 100 ಸೆಂಟಿಮೀಟರ್ ಉದ್ದ ಬೇಕೆಂದು ಪ್ಯಾಟರ್ನನ್ನು 110 ಮಾಡಿದರೆ, ತೊಳೆದ ಮೇಲೆ 99 ಸಿಗುತ್ತದೆ. 100ನ್ನು 0.9ರಿಂದ ಭಾಗಿಸಬೇಕು, 111 ಬರುತ್ತದೆ. ಉದ್ದಕ್ಕೆ ಬೇರೆ, ಅಗಲಕ್ಕೆ ಬೇರೆ ಲೆಕ್ಕ.

ಇನ್ನೊಂದು ಮಾತು. ಈ ತಿರುಚನ್ನೇ ನಿನ್ನ ಪ್ರಾಜೆಕ್ಟ್ ಮಾಡಿಕೊಳ್ಳಬಹುದು. ಲೀವೈಸ್‌ನವರ ಎಂಜಿನಿಯರ್ಡ್ ಜೀನ್ಸ್‌ನಲ್ಲಿ ಪಕ್ಕದ ಹೊಲಿಗೆಯನ್ನು ಬೇಕೆಂದೇ ಕಾಲ ಸುತ್ತ ಹೊರಳಿಸಿದ್ದರು. ಆದರೆ ಬೇಕೆಂದು ಮಾಡಿದ್ದು ಬೇಕೆಂದೇ ಮಾಡಿದಂತೆ ಕಾಣಬೇಕು. ಎರಡು ಇಂಚು ಸರಿದರೆ ತಪ್ಪು ಅನ್ನುತ್ತಾರೆ, ಆರು ಇಂಚು ಸರಿದರೆ ಡಿಸೈನ್ ಅನ್ನುತ್ತಾರೆ!

ಪ್ರಶ್ನೆ: ಅಮ್ಮನ ಹಳೆಯ ಇಳಕಲ್ ಸೀರೆಯಲ್ಲಿ ಕ್ರಾಸ್ ಕಟಿಂಗ್ (ಎಳೆಗಳಿಗೆ ಓರೆಯಾಗಿ ಕತ್ತರಿಸುವುದು) ಮಾಡಿ ಉದ್ದನೆಯ ಗೌನ್ ಹೊಲಿಯುವ ಆಸೆ. ಅಮ್ಮ ಬೇಡವೇ ಬೇಡ ಅನ್ನುತ್ತಾರೆ.
— ಕುಷ್ಟಗಿ

ಉತ್ತರ: ತಂಗೀ, ಅಮ್ಮನ ಮಾತಿನಲ್ಲಿ ಅರ್ಧ ಹುರುಳಿದೆ. ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡು. ಮಡಿಕೆ ಬಿದ್ದ ಕಡೆಯೆಲ್ಲ ಎಳೆ ಸವೆದಿರುತ್ತದೆ. ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದಾಗ ಚರ್ ಅಂದರೆ ಆ ಸೀರೆಯನ್ನು ಪೆಟ್ಟಿಗೆಯಲ್ಲೇ ಇಡು. ಕ್ರಾಸ್‌ನಲ್ಲಿ ಬಟ್ಟೆಯ ಭಾರವೆಲ್ಲ ಎಳೆಗಳ ಮೇಲೆ ಓರೆಯಾಗಿ ಬೀಳುತ್ತದೆ, ಸವೆದ ಎಳೆ ತಡೆಯುವುದಿಲ್ಲ.

ಗಟ್ಟಿ ಇದ್ದರೆ ಮುಂದುವರಿ. ನಿಮ್ಮ ದೋಟಿಹಾಳದ ಕಡೆ ಮಗ್ಗ ನೋಡಿರುತ್ತೀಯ. ಸೆರಗಿನ ರೇಷ್ಮೆ ಹಾಸನ್ನು ಸೀರೆಯ ಮೈಯ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ, ಒಂದೊಂದೇ ಎಳೆ ಇನ್ನೊಂದರ ಕುಣಿಕೆಗೆ ಸಿಕ್ಕಿಕೊಂಡಿರುತ್ತದೆ. ಆ ಗೆರೆಗೆ ಓರೆಯಾಗಿ ಕತ್ತರಿ ಹಾಕಬೇಡ, ಕೊಂಡಿ ಬಿಚ್ಚಿಕೊಳ್ಳುತ್ತದೆ. ಸೆರಗನ್ನು ಹಾಗೇ ಇಡಿಯಾಗಿ ಬೆನ್ನಿಗೋ ಮೇಲುಹೊದಿಕೆಗೋ ಬಳಸು. ದಡಿಯನ್ನೂ ಬೇರೆ ಮಾಡು. ಅದು ದಟ್ಟವಾಗಿರುತ್ತದೆ, ಕ್ರಾಸ್‌ನಲ್ಲಿ ಮೈ ಜೋತಾಡಿದಷ್ಟು ಅದು ಜೋತಾಡುವುದಿಲ್ಲ. ಒಟ್ಟಿಗೆ ಬಿಟ್ಟರೆ ಅಂಚೆಲ್ಲ ಮುದುಡುತ್ತದೆ. ಬೇರೆ ಮಾಡಿದ ದಡಿ ಕೊರಳಿಗೂ ಕೆಳ ಅಂಚಿಗೂ ನೇರ ಪಟ್ಟಿಯಾಗಿ ಚೆಂದ ಕೂರುತ್ತದೆ.

ಉಳಿದ ಮೈಯನ್ನು ಮಡಿಸದೆ ಒಂದೇ ಪದರ ಹಾಸಿ 45 ಡಿಗ್ರಿಗೆ ಪ್ಯಾಟರ್ನ್ ಇಡು. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಕತ್ತರಿಸು. ಹೊಲಿಗೆಯ ಮಾರ್ಜಿನ್ ಧಾರಾಳ ಇರಲಿ. ಕತ್ತು, ಭುಜಗಳಿಗೆ ಮೊದಲೇ ತೆಳು ಟೇಪ್ ಹಿಡಿಸು. ಭುಜ, ಪಕ್ಕ ಕೂಡಿಸಿದ ಮೇಲೆ ಒಂದು ರಾತ್ರಿ ಹ್ಯಾಂಗರ್‌ಗೆ ತೂಗುಹಾಕು. ಬೆಳಿಗ್ಗೆ ಅಂಚು ಅಲ್ಲಲ್ಲಿ ಇಳಿದಿರುತ್ತದೆ, ಆಮೇಲೆಯೇ ಸಮ ಮಾಡು.

ಮದ್ಲೇನ್ ವಿಯೋನೆ (1876–1975) ಪ್ಯಾರಿಸ್ಸಿನಲ್ಲಿ ಕ್ರಾಸ್ ಕಟಿಂಗ್‌ಗೇ ಹೆಸರಾದವಳು. ಕಾಗದದ ಮೇಲೆ ಗೆರೆ ಎಳೆಯುತ್ತಿರಲಿಲ್ಲ, ಪುಟ್ಟ ಮರದ ಬೊಂಬೆಗೆ ಬಟ್ಟೆ ಸುತ್ತಿ ನೋಡುತ್ತಿದ್ದಳು. ನೀನೂ ಮೊದಲು ಹಳೆಯ ಪಂಚೆಯಲ್ಲಿ ಒಂದು ಹೊಲಿದು ಅಮ್ಮನಿಗೆ ತೋರಿಸು. ಆಮೇಲೆ ಸೀರೆ ಕೇಳು.

ಪ್ರಶ್ನೆ: ಜೀರೊ ವೇಸ್ಟ್ ಕಟಿಂಗ್ ಅಂತ ಎಲ್ಲೆಲ್ಲೂ ಓದುತ್ತೇನೆ. ನನ್ನಂಥ ಸಣ್ಣ ಟೈಲರ್‌ಗೆ ಅದರಿಂದ ಏನು ಲಾಭ?
— ಸಿಂಧನೂರು

ಉತ್ತರ: ಲಾಭವಿದೆ, ಆದರೆ ಪತ್ರಿಕೆಗಳಲ್ಲಿ ಕಾಣುವ ಗೋಣಿಚೀಲದಂಥ ಅಂಗಿ ಹೊಲಿದರೆ ನಿಮ್ಮ ಗಿರಾಕಿ ತಿರುಗಿ ಬರುವುದಿಲ್ಲ. ಜಪಾನಿನ ವಿನ್ಯಾಸಕ ಇಸ್ಸೆ ಮಿಯಾಕೆ 1990ರ ದಶಕದ ಕೊನೆಗೆ ಎ-ಪಾಕ್ ಅಂತ ತಂದರು. ಕೊಳವೆಯಂಥ ಹೆಣಿಗೆ ಬಟ್ಟೆಯೊಳಗೇ ಉಡುಪಿನ ಗೆರೆ ಮೂಡಿರುತ್ತಿತ್ತು, ಕೊಂಡವರು ಗೆರೆಯ ಮೇಲೆ ಕತ್ತರಿಸಿಕೊಂಡರೆ ಸಾಕು. ಅದಕ್ಕೆ ಕಂಪ್ಯೂಟರ್ ನಡೆಸುವ ಹೆಣಿಗೆ ಯಂತ್ರ ಬೇಕು, ನಮಗೆ ನಿಮಗೆ ಆಗುವ ಮಾತಲ್ಲ.

ನಿಮಗೆ ಆಗುವುದು ಕಳಿ (ಪಕ್ಕಕ್ಕೆ ಕೂಡಿಸುವ ಓರೆ ತುಂಡು) ಇರುವ ಜುಬ್ಬಾ. 24 ಇಂಚು ಅಗಲದ ಆಯತವನ್ನು ಮೂಲೆಯಿಂದ ಮೂಲೆಗೆ ಸೀಳದೆ, ಮೇಲೆ 4 ಇಂಚು, ಕೆಳಗೆ 20 ಇಂಚು ಬರುವಂತೆ ಓರೆಯಾಗಿ ಕತ್ತರಿಸಿ. ಒಂದನ್ನು ತಲೆಕೆಳಗು ಮಾಡಿದರೆ ಎರಡೂ ಒಂದೇ ಅಳತೆಯ ಕಳಿ, ಒಂದು ಚೂರೂ ಉಳಿಯದು. ಕಳಿಯ ಓರೆ ಅಂಚನ್ನು ಮೈಯ ನೇರ ಅಂಚಿಗೆ ಕೂಡಿಸಿ. ಓರೆಗೆ ಓರೆ ಕೂಡಿಸಿದರೆ ಪಕ್ಕ ಜೋಲುತ್ತದೆ. ಕಂಕುಳಿಗೆ ಚೌಕದ ತುಂಡು ಇಡಿ, ಕೈ ಎತ್ತಿದರೆ ಜುಬ್ಬಾ ಮೇಲೇಳುವುದಿಲ್ಲ. ನಮ್ಮ ಅಜ್ಜಿಯರು ಒಂದೇ ಖಣದಲ್ಲಿ ಕುಪ್ಪಸ ಹೊಲಿಸಿಕೊಂಡದ್ದೂ ಇದೇ ಬುದ್ಧಿಯಿಂದ, ಬಟ್ಟೆಯ ಅಗಲ ನೋಡಿ ಅಳತೆ ಕೂರಿಸುತ್ತಿದ್ದರು.

ಪ್ರಶ್ನೆ: ಜೀನ್ಸ್ ಬಟ್ಟೆಯನ್ನು ಮಡಿಸಿ, ದಾರ ಬಿಗಿದು, ಬ್ಲೀಚ್‌ನಲ್ಲಿ ಅದ್ದಿ ಶಿಬೋರಿಯಂಥ (ಜಪಾನಿನ, ಬಟ್ಟೆ ಕಟ್ಟಿ ಬಣ್ಣ ಹಾಕುವ ಕಲೆ) ಚಿತ್ತಾರ ತರಬಹುದೇ?
— ತೋರಣಗಲ್ಲು

ಉತ್ತರ: ಬರುತ್ತದೆ. ಇಂಡಿಗೊ ಬಣ್ಣ ನೂಲಿನ ಹೊರಮೈಗಷ್ಟೇ ಹತ್ತಿರುತ್ತದೆ, ನಡುವೆ ಬಿಳಿಯಾಗಿಯೇ ಇರುತ್ತದೆ. ಆದ್ದರಿಂದ ಬೇಗ ಬಿಡುತ್ತದೆ. ಸ್ಟ್ರೆಚ್ ಡೆನಿಮ್ ಮಾತ್ರ ಬೇಡ, ಕ್ಲೋರಿನ್ ತಾಗಿದರೆ ಅದರೊಳಗಿನ ಸ್ಪ್ಯಾಂಡೆಕ್ಸ್ (ಹಿಗ್ಗುವ ಎಳೆ) ಹಾಳಾಗುತ್ತದೆ. ಬ್ಲೀಚನ್ನು ತಣ್ಣೀರಲ್ಲೇ ಬೆರೆಸಿ, ಕೈಗವಸು ಹಾಕಿ, ಗಾಳಿಯಾಡುವ ಕಡೆ ಮಾಡಿ. ಬಣ್ಣ ಬೇಕಾದಷ್ಟು ಇಳಿಯುವ ಸ್ವಲ್ಪ ಮೊದಲೇ ತೆಗೆದು ಚೆನ್ನಾಗಿ ಜಾಲಿಸಿ. ಬರೀ ನೀರಿನಿಂದ ಬ್ಲೀಚ್ ಪೂರ್ತಿ ಹೋಗುವುದಿಲ್ಲ, ಉಳಿದದ್ದು ಬಟ್ಟೆಯನ್ನು ತಿನ್ನುತ್ತಲೇ ಇರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಬೇರೆ ಬಕೆಟ್ಟಿನ ನೀರಿಗೆ ಬೆರೆಸಿ, ಜಾಲಿಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಅದರಲ್ಲಿ ನೆನೆಸಿ. ವಿನೆಗರ್ ಹಾಕಿ ಅನ್ನುವವರ ಮಾತು ಕೇಳಬೇಡಿ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎದೆ ಹಿಡಿದುಕೊಳ್ಳುತ್ತದೆ.